ಶ್ರಾವಣಕ್ಕೆ ಕುಡಿತ ಬಿಡುವವರ ಮೊದಲ ನಾಲ್ಕು ದಿನ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಕುಡಿಯುವವರಿಗೂ ಒಂದು ಪಂಚಾಂಗ ಇದೆ. ನಾಗರ ಅಮಾವಾಸ್ಯೆಯ ರಾತ್ರಿ ಕಂಠಪೂರ್ತಿ ಕುಡಿಯುವುದು, ಮರುದಿನ ಜಳಕ ಮಾಡಿ ‘ಶ್ರಾವಣ ಮುಗಿಯೂತನಕ ಮುಟ್ಟೂದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡುವುದು. ಸಂತೆ ದಿನ ಮಾತ್ರ ಕುಡಿಯುವವನಿಗೆ ಇದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಿಸಲು ನೈಂಟಿ ಹಾಕಲೇಬೇಕು ಅನ್ನುವ ಸ್ಥಿತಿಗೆ ಬಂದವನು ಹೀಗೆ ಒಂದೇ ಏಟಿಗೆ ಬಿಟ್ಟರೆ ಜೀವಕ್ಕೆ ಕುತ್ತು ಬರಬಹುದು. ಆಣೆ ಬೇಡ ಎಂದು ನಾವು ಹೇಳುವುದಿಲ್ಲ. ಆಣೆಗಿಂತ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ ಎನ್ನುತ್ತೇವೆ.

ಚಟ ಮಿದುಳಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದು ಬಿಟ್ಟಾಗಲೇ ಗೊತ್ತಾಗುವುದು. ಮಿದುಳಿನಲ್ಲಿ ನರಗಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕವಿದೆ, ಅವನ್ನು ಚುರುಕುಗೊಳಿಸುವ ಗ್ಲುಟಮೇಟ್ ಇದೆ. ಮದ್ಯ ಗಾಬಾದ ಕೈ ಬಲಪಡಿಸುತ್ತದೆ, ಗ್ಲುಟಮೇಟನ್ನು ಅದುಮುತ್ತದೆ. ದಿನಾ ಹೀಗೇ ನಡೆದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ಗಾಬಾಕ್ಕೆ ಕಿವಿಗೊಡುವುದನ್ನು ಕಡಿಮೆ ಮಾಡಿ, ಗ್ಲುಟಮೇಟ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಎದುರು ಜಗ್ಗತೊಡಗುತ್ತದೆ. ಮೊದಲು ಒಂದು ನೈಂಟಿಗೆ ಏರುತ್ತಿದ್ದ ನಶೆಗೆ ಈಗ ಕ್ವಾರ್ಟರ್ ಸಾಲದಾಗುವುದು ಇದೇ ಕಾರಣಕ್ಕೆ. ‘ನಮ್ಮವ ಎಷ್ಟ್ ಕುಡದ್ರೂ ತಡಕೋತಾನ್ರಿ’ ಎಂದು ಮನೆಯವರು ಹೇಳಿದಾಗ ನಮಗೆ ಚಿಂತೆ ಹೆಚ್ಚುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಹಗ್ಗ ಬಿಟ್ಟುಬಿಟ್ಟರೆ ಬಲವಾಗಿ ಜಗ್ಗುತ್ತಿದ್ದವನೇ ಅಂಗಾತ ಬೀಳುತ್ತಾನಲ್ಲ, ಕುಡಿತ ನಿಂತ ಮಿದುಳಿನ ಪಾಡೂ ಅದೇ.

ಲೆಕ್ಕ ಹೀಗೆ. ಶೇ 42.8ರ ವಿಸ್ಕಿ ಅಥವಾ ರಮ್‌ನ 180 ಮಿ.ಲೀ. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ರಕ್ತದಿಂದ ಇಳಿಯುವಷ್ಟರಲ್ಲಿ ಬೆಳಗಿನ ಐದೋ ಆರೋ ಆಗಿರುತ್ತದೆ. ನಡುಕ ಶುರುವಾಗುವುದೂ ಸರಿಯಾಗಿ ಆ ಹೊತ್ತಿಗೇ.

ಅಮಾವಾಸ್ಯೆ ರಾತ್ರಿ ಹತ್ತಕ್ಕೆ ಕಡೆಯ ಗ್ಲಾಸು ಎಂದಿಟ್ಟುಕೊಳ್ಳಿ. ಪಾಡ್ಯದ ಬೆಳಿಗ್ಗೆ ಕೈ ನಡುಗುತ್ತದೆ, ಬೆವರು ಬರುತ್ತದೆ, ವಾಕರಿಕೆ ಆಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ರಾತ್ರಿ ನಿದ್ದೆ ಇರುವುದಿಲ್ಲ, ಕೆಲವರಿಗೆ ಯಾರೋ ಕರೆದಂತೆ ಕೇಳಿಸುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಬಿದಿಗೆಯ ರಾತ್ರಿಯೊಳಗೆ, ಅಂದರೆ 48 ತಾಸಿನೊಳಗೆ ಬರುತ್ತದೆ. ಅಲ್ಲಿಂದ ಚೌತಿಯವರೆಗಿನ ಎರಡು ದಿನ ಎಲ್ಲಕ್ಕಿಂತ ಕೆಟ್ಟವು. ವೈದ್ಯರು ‘ಡೆಲಿರಿಯಂ ಟ್ರೆಮೆನ್ಸ್’ ಎನ್ನುವ ಸ್ಥಿತಿ ಬರುವುದು ಆಗಲೇ. ಜ್ವರ, ಏರಿದ ಬಿಪಿ, ದಿಕ್ಕುತಪ್ಪಿದ ಮಾತು, ಮಗನನ್ನೇ ಗುರುತಿಸದ ಕಣ್ಣು. ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆ, ಹಾಸಿಗೆಯಲ್ಲಿ ಹಾವು ಕಾಣುತ್ತದೆ. ಕೈಗಳು ಮಾತ್ರ ಬದುಕಿನುದ್ದಕ್ಕೂ ಮಾಡಿದ ಕೆಲಸವನ್ನೇ ಮಾಡುತ್ತಿರುತ್ತವೆ. ಬನಹಟ್ಟಿಯ ನೇಕಾರನಾದರೆ ಹೊದಿಕೆಯಿಂದ ಇಲ್ಲದ ಎಳೆ ಎಳೆದು, ಬೆರಳ ತುದಿಯಲ್ಲಿ ಹೊಸೆದು, ಗಾಳಿಯಲ್ಲೇ ಗಂಟು ಹಾಕುತ್ತಾನೆ. ಲಾರಿ ಡ್ರೈವರ್ ಮಂಚದ ಮೇಲೆ ಕೂತು ಗೇರ್ ಬದಲಿಸುತ್ತಾನೆ. ಊರಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ, ‘ಅಮಾಸಿ ದಿನ ಹೊರಗ ತಿರಗ್ಯಾಡ್ಯಾನ, ಗಾಳಿ ಸೋಕೈತಿ’ ಎಂದು. ತಾಯತ ಕಟ್ಟಿಸಲು ಹೋಗಿ ಕಳೆಯುವ ಒಂದೊಂದು ತಾಸೂ ದುಬಾರಿ. ಈ ಹಂತಕ್ಕೆ ಮುಟ್ಟಿದ ರೋಗಿ ಚಿಕಿತ್ಸೆ ಇಲ್ಲದೆ ಸಾಯಬಹುದು.

ಫಿಟ್ಸ್ ಬಂದರೆ ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ಯಾವುದೂ ಬೇಡ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮಡಿಚಿದ ಟವೆಲ್ ಇಡಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ ತಡಮಾಡದೆ 108. ಒಮ್ಮೆ ಬಂದು ನಿಂತರೂ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಕಡೆ ಇನ್ನೊಂದು ರೂಢಿ, ‘ನಿತ್ರಾಣ ಆಗೇತಿ, ಒಂದ್ ಸಲಾಯಿನ್ ಹಚ್ಚರಿ’ ಅನ್ನುವುದು. ದಿನಾ ಕುಡಿಯುವವರ ದೇಹದಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬತ್ತಿರುತ್ತದೆ. ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದನ್ನು ಕರುಳು ಹೀರುವುದಿಲ್ಲ. ಗ್ಲುಕೋಸ್ ಸುಡಲು ಮಿದುಳಿಗೆ ಇದೇ ಥಯಾಮಿನ್ ಬೇಕು. ಬರೀ ಗ್ಲುಕೋಸ್ ಬಾಟಲಿ ಏರಿಸಿದರೆ ಉಳಿದ ಚೂರೂ ಖರ್ಚಾಗಿ, ಕಣ್ಣುಗುಡ್ಡೆ ಹೊರಳದೆ ಒಂದು ಎರಡಾಗಿ ಕಾಣುವುದು, ಕುಡಿಯದೆಯೂ ತೂರಾಡುವುದು, ಮಂಕು ಕವಿಯುವುದು ಶುರುವಾಗಬಹುದು. ಇದು ವರ್ನಿಕೆ ರೋಗ. ಆಗಲೂ ಥಯಾಮಿನ್ ಸಿಗದಿದ್ದರೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಸ್ಥಿತಿ ಕಾಯಂ ಆಗಬಹುದು, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ಮರೆತುಹೋಗುವಷ್ಟು. ‘ಇವರು ದಿನಾ ಕುಡೀತಿದ್ರು, ಬಿ1 ಇಂಜೆಕ್ಷನ್ ಮೊದಲು ಕೊಡ್ರಿ’ ಎಂದು ಮನೆಯವರು ಬಾಯಿಬಿಟ್ಟು ಹೇಳಿದರೆ ಯಾವ ಡಾಕ್ಟರೂ ತಪ್ಪು ತಿಳಿಯುವುದಿಲ್ಲ.

ಚಿಕಿತ್ಸೆ ದೊಡ್ಡ ರಹಸ್ಯವಲ್ಲ. ಮದ್ಯ ಮಾಡುತ್ತಿದ್ದ ತಣಿಸುವ ಕೆಲಸವನ್ನು ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಗುಳಿಗೆಗೆ ವಹಿಸಿ, ಐದರಿಂದ ಹತ್ತು ದಿನದಲ್ಲಿ ಡೋಸ್ ಇಳಿಸುತ್ತಾ ನಿಲ್ಲಿಸುತ್ತೇವೆ. ಕಾಮಾಲೆ ಇದ್ದರೆ, ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್. ಗುಳಿಗೆ ಹೆಂಡತಿಯ ಅಥವಾ ಅವ್ವನ ಕೈಯಲ್ಲಿರಲಿ, ಅದರ ಮೇಲೆ ಕುಡಿದರೆ ಉಸಿರು ನಿಲ್ಲುವ ಅಪಾಯವಿದೆ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸಿಕೊಂಡರೆ ಆ ಗುಳಿಗೆಯೇ ಹೊಸ ಚಟವಾಗುತ್ತದೆ.

ಪ್ರತಿ ವರ್ಷ ಶ್ರಾವಣಕ್ಕೆ ಬಿಟ್ಟು, ಗಣಪತಿ ಹಬ್ಬ ಕಳೆದ ಮೇಲೆ ಹಿಡಿದು, ಮತ್ತೆ ದಸರೆಗೆ ಬಿಡುವವರಿಗೆ ಇನ್ನೂ ಒಂದು ಮಾತು. ಹೀಗೆ ಬಿಟ್ಟು ಹಿಡಿದು ಮಾಡಿದಷ್ಟೂ ಮಿದುಳಿನ ಕೆರಳುವ ಗುಣ ಹೆಚ್ಚುತ್ತದೆ. ಮೊದಲ ಸಲ ಬರೀ ಕೈ ನಡುಗಿತ್ತು, ಮೂರನೇ ಸಲ ಫಿಟ್ಸ್ ಬರಬಹುದು. ‘ಹ್ವಾದ ವರ್ಷ ಏನೂ ಆಗಿರ್ಲಿಲ್ಲ’ ಎನ್ನುವುದು ಧೈರ್ಯಕ್ಕೆ ಆಧಾರವಲ್ಲ.

ನೋವಿನ ಗುಳಿಗೆಯ ಚಟದಲ್ಲಿ ಲೆಕ್ಕ ಬೇರೆ. ಕಬ್ಬು ಕಡಿಯುವವರು, ಲೋಡಿಂಗ್ ಮಾಡುವವರು, ರಾತ್ರಿ ಗಾಡಿ ಓಡಿಸುವವರು ಮೈಕೈ ನೋವಿಗೆಂದು ಟ್ರಮಡಾಲ್, ಟಪೆಂಟಡಾಲ್ ಶುರುಮಾಡಿ, ನೋವು ಹೋದ ಮೇಲೂ ಬಿಡಲಾಗದೆ ನಿಲ್ಲುತ್ತಾರೆ. ಟ್ರಮಡಾಲ್ 2018ರಿಂದ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಇವು ಅಫೀಮಿನ ಗುಂಪಿನ ಔಷಧಗಳು. ಬಿಟ್ಟಾಗ ಎಲ್ಲವೂ ತಿರುವುಮುರುವು. ಗುಳಿಗೆ ಮಲ ಕಟ್ಟಿಸುತ್ತಿತ್ತು, ಈಗ ಭೇದಿ. ಮಂಪರು ತರುತ್ತಿತ್ತು, ಈಗ ನಿದ್ದೆಗೇಡು. ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೈಮೇಲೆ ಮುಳ್ಳೇಳುತ್ತದೆ, ಕಾಲು ಸೆಳೆಯುತ್ತದೆ. ಎರಡು ಮೂರನೇ ದಿನ ಶಿಖರ ಮುಟ್ಟಿ ಒಂದು ವಾರದಲ್ಲಿ ಇಳಿಯುತ್ತದೆ. ನರಳಾಟ ವಿಪರೀತ, ಆದರೆ ನೀರಿನಂಶ ಕಡಿಮೆಯಾಗದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಸಾವು ಕಾದಿರುವುದು ಬಿಟ್ಟ ಕೆಲವು ವಾರಗಳ ನಂತರ. ಅಷ್ಟರಲ್ಲಿ ದೇಹದ ತಡೆದುಕೊಳ್ಳುವ ಶಕ್ತಿ ಕುಸಿದಿರುತ್ತದೆ, ಮನಸ್ಸಿಗೆ ಹಳೆಯ ಡೋಸೇ ನೆನಪಿರುತ್ತದೆ. ಅಷ್ಟೇ ಗುಳಿಗೆ ಒಮ್ಮೆಗೇ ನುಂಗಿದರೆ ಅಥವಾ ಅರೆದು ಚುಚ್ಚಿಕೊಂಡರೆ ಉಸಿರು ನಿಧಾನವಾಗಿ ನಿಂತುಹೋಗುತ್ತದೆ. ಗೊರಕೆಯಂಥ ಸದ್ದು, ನೀಲಿ ತುಟಿ, ಸಾಸಿವೆಯಷ್ಟು ಕುಗ್ಗಿದ ಕಣ್ಣಪಾಪೆ ಕಂಡರೆ ‘ನಿದ್ದಿ ಹತ್ತೇತಿ, ಮಲಗ್ಲಿ ಬಿಡು’ ಎನ್ನಬೇಡಿ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಮಾರುಮದ್ದು ಇದೆ. ಏನು ತೆಗೆದುಕೊಂಡಿದ್ದಾನೆ ಎಂಬುದನ್ನು ಅಲ್ಲಿ ಮುಚ್ಚಿಡಬೇಡಿ.

ಗಾಂಜಾ ಬಿಟ್ಟರೆ ಸಿಟ್ಟು, ಹಸಿವಿಲ್ಲದಿರುವುದು, ಕೆಟ್ಟ ಕನಸು, ಎರಡು ವಾರದ ಕಾಟ. ಹದಿಹರೆಯದಲ್ಲೇ ಹಿಡಿದವರಿಗೆ ಮುಂದೆ ಮನೋವಿಕೃತಿಯ, ಅಂದರೆ ಇಲ್ಲದ್ದು ಕಾಣುವ, ಕೇಳಿಸುವ ಮನೋರೋಗದ ಅಪಾಯ ಹೆಚ್ಚು ಎಂಬುದನ್ನಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ನಡುಕ ನಿಂತ ಮೇಲೂ ಆಸೆ ನಿಲ್ಲುವುದಿಲ್ಲ. ನಶೆ ಏರಿದಾಗಲೆಲ್ಲ ಮಿದುಳಿನ ಆಳದಲ್ಲಿ ‘ಬೇಕು’ ಅನ್ನಿಸುವ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ. ಬರಬರುತ್ತಾ ಅದು ಗ್ಲಾಸಿಗಿಂತ ಮುಂಚೆಯೇ ಉಕ್ಕಲು ಕಲಿಯುತ್ತದೆ, ಬಟವಡೆ ದಿನ ಕೈಗೆ ರೊಕ್ಕ ಬಂದಾಗ, ಅಂಗಡಿಯ ಬೋರ್ಡು ಕಂಡಾಗ, ಜೋಡಿ ಕುಡಿಯುತ್ತಿದ್ದ ಗೆಳೆಯನ ಫೋನ್ ಬಂದಾಗ. ಕುಡಿತ ಖುಷಿ ಕೊಡುವುದನ್ನು ಎಂದೋ ನಿಲ್ಲಿಸಿದ್ದರೂ ‘ಬೇಕು’ ಎನ್ನುವುದು ಉಳಿಯುವುದು ಹೀಗೆ. ಒಂದೊಂದು ಸೆಳೆತದ ಜೋರು ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಇಳಿಯುತ್ತದೆ. ಬಟವಡೆ ಹಣ ನೇರ ಹೆಂಡತಿಯ ಖಾತೆಗೆ ಹೋಗುವಂತೆ ಮಾಡುವುದು ನೂರು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸೆಳೆತ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಗುಳಿಗೆಗಳಿವೆ. ಇವನ್ನು ಶ್ರಾವಣದ ತಿಂಗಳೊಪ್ಪತ್ತಿಗಲ್ಲ, ಆರು ತಿಂಗಳು, ವರ್ಷ ತೆಗೆದುಕೊಳ್ಳಬೇಕು.

‘ಅವನಿಗೆ ಗೊತ್ತಾಗದಂಗ ಪಲ್ಯದಾಗ ಹಾಕು’ ಎಂದು ಮಾರುವ ಕುಡಿತ ಬಿಡಿಸುವ ಪುಡಿಯ ಬಗ್ಗೆ ಎಚ್ಚರ. ಇಂಥವುಗಳಲ್ಲಿ ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಬೆರೆತಿದ್ದರೆ, ಅದು ಗೊತ್ತಿಲ್ಲದೆ ಕುಡಿದವನ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಹೃದಯವೇ ಕೈಕೊಡಬಹುದು. ಒಮ್ಮೆ ಒಳಗೆ ಹೋದರೆ ಎರಡು ವಾರದವರೆಗೂ ಈ ಅಪಾಯ ಉಳಿಯುತ್ತದೆ. ರೋಗಿ ಒಪ್ಪಿ, ತಿಳಿದು ತೆಗೆದುಕೊಂಡರೆ ಮಾತ್ರ ಅದು ಔಷಧ.

ಈ ವರ್ಷ ಬಿಡುವ ಮನಸ್ಸಿದ್ದರೆ ಅಮಾವಾಸ್ಯೆಗೆ ಒಂದು ವಾರ ಮೊದಲೇ ಬನ್ನಿ. ಅಲ್ಲಿಯತನಕ ಒಮ್ಮೆಲೇ ನಿಲ್ಲಿಸಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಹೋಗುವ ಮುನ್ನ ವಿಚಾರಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಹೆಚ್ಚಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬರುವಾಗ ಜೊತೆಗೊಬ್ಬರನ್ನು ಕರೆತನ್ನಿ. ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಬೇಕೇ, ಹಿಂದೆ ಫಿಟ್ಸ್ ಬಂದಿತ್ತೇ, ರಕ್ತವಾಂತಿ ಅಥವಾ ಕಾಮಾಲೆ ಆಗಿತ್ತೇ, ನಿದ್ದೆಗುಳಿಗೆ ನುಂಗುತ್ತಾರೆಯೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಮನೆಯಲ್ಲಿಟ್ಟು ಬಿಡಿಸಬೇಕೋ ವಾರ್ಡಿಗೆ ಸೇರಿಸಬೇಕೋ ಎಂಬುದನ್ನು ನಾವು ಬಹುಪಾಲು ನಿರ್ಧರಿಸುವುದು ಆ ಚೀಟಿ ನೋಡಿಯೇ.