ಕ್ಯಾಂಪರ್‌ಗೆ ವ್ಯಾನ್ ಆರಿಸುವಾಗ: ಮೊದಲು ತೂಕ, ಆಮೇಲೆ ಉದ್ದ

ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಮಾಡಿಕೊಳ್ಳಲು ವ್ಯಾನ್ ನೋಡಲು ಹೋದವರು ಮೊದಲು ಟೇಪ್ ಹಿಡಿದು ಒಳಗಿನ ಉದ್ದ ಅಳೆಯುತ್ತಾರೆ. ಅದಕ್ಕೂ ಮುಂಚೆ ಬಾಗಿಲ ಕಂಬದ ಮೇಲೋ ಬಾನೆಟ್ ಕೆಳಗೋ ಅಂಟಿಸಿರುವ ತಯಾರಕರ ಫಲಕ ಓದಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿ ಇರುತ್ತವೆ: ಗಾಡಿಯ ಗರಿಷ್ಠ ಒಟ್ಟು ತೂಕ, ಟ್ರೇಲರ್ ಸೇರಿದ ತೂಕ, ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಹೊರಬಹುದಾದ ಮಿತಿ, ಹಿಂದಿನ ಆಕ್ಸಲ್ ಮಿತಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಸಿಗುವುದೇ ನಿಮ್ಮ ಕೈಯಲ್ಲಿರುವ ಬಂಡವಾಳ, ಅಂದರೆ ನೀವು ಹೇರಬಹುದಾದ ಭಾರ. ಯುರೋಪಿನ ದಾಖಲೆಗಳಲ್ಲಿ ಖಾಲಿ ತೂಕ ಎಂದರೆ 75 ಕೆಜಿ ಚಾಲಕ ಮತ್ತು 90% ಇಂಧನ ಸೇರಿದ್ದು; ಬೇರೆ ಕಡೆಯ ಕಾಗದಪತ್ರಗಳಲ್ಲಿ ಚಾಲಕ ಸೇರಿದ್ದಾನೋ ಇಲ್ಲವೋ ನೋಡಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ಮಿತಿ 3,500 ಕೆಜಿ, ಖಾಲಿ ಗಾಡಿ 2,400. ಉಳಿದದ್ದು 1,100. ಪ್ಲೈವುಡ್ ಪೀಠೋಪಕರಣ 250, ಇನ್ಸುಲೇಷನ್ ಮತ್ತು ಒಳಹೊದಿಕೆ 90, ನೂರು ಲೀಟರ್ ನೀರು 100, 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ 25, ತುಂಬಿದ ಗ್ಯಾಸ್ ಸಿಲಿಂಡರ್ 25, ಫ್ರಿಜ್-ಹೀಟರ್-ಸೋಲಾರ್ 50, ಹಾಸಿಗೆ-ಕಿಟಕಿ-ಚಾವಣಿ ಫ್ಯಾನ್ 60, ಇನ್ನೊಬ್ಬ ಪ್ರಯಾಣಿಕ 75, ಬಟ್ಟೆ-ಪಾತ್ರೆ-ದಿನಸಿ-ಟೂಲ್ಸ್ 150, ಕ್ಯಾರಿಯರ್ ಸಮೇತ ಎರಡು ಸೈಕಲ್ 50. ಒಟ್ಟು 875, ಉಳಿಯುವುದು 225. ಇನ್ನಿಬ್ಬರು ಬಂದರೆ 150 ಹೋಯಿತು. ಲಿಥಿಯಂ ಬದಲು ಅಷ್ಟೇ ಸಾಮರ್ಥ್ಯದ ಲೆಡ್-ಆಸಿಡ್ ಹಾಕಿದರೆ ಇನ್ನೂ 30ರಷ್ಟು ಹೋಯಿತು. ಆ ಇಬ್ಬರಿಗೆ ಸೀಟು ಕೂರಿಸಿದ ಮೇಲೆ ಏನೂ ಮಿಗುವುದಿಲ್ಲ. ಪ್ಲೈವುಡ್‌ನಲ್ಲೇ ಉಳಿಸಲು ಜಾಗವಿದೆ: 12 ಮಿಮೀ ಬರ್ಚ್ ಹಾಳೆ (8×4 ಅಡಿ) ಸುಮಾರು 24 ಕೆಜಿ ತೂಗಿದರೆ, ಅದೇ ಅಳತೆಯ ಪಾಪ್ಲರ್ ಹಾಳೆ ಸುಮಾರು 16.

ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಬಹುದು. ಹೆಚ್ಚಿನವರು ಎಡವುವುದು ಇಲ್ಲಿ. ಒಂದು ವಸ್ತು ಹಿಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಹಾಕುತ್ತದೆಂಬ ಸೂತ್ರ ಸರಳ: ವಸ್ತುವಿನ ತೂಕವನ್ನು ಮುಂದಿನ ಆಕ್ಸಲ್‌ನಿಂದ ಅದಕ್ಕಿರುವ ದೂರದಿಂದ ಗುಣಿಸಿ, ವೀಲ್‌ಬೇಸ್‌ನಿಂದ (ಎರಡು ಆಕ್ಸಲ್‌ಗಳ ನಡುವಿನ ಅಂತರ) ಭಾಗಿಸಿ. ವೀಲ್‌ಬೇಸ್ 4 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದೆ 100 ಕೆಜಿ ನೀರಿಟ್ಟರೆ 100×5÷4, ಅಂದರೆ ಹಿಂದಿನ ಆಕ್ಸಲ್ ಮೇಲೆ 125 ಕೆಜಿ ಬೀಳುತ್ತದೆ. ಹೆಚ್ಚುವರಿ 25 ಬಂದದ್ದು ಮುಂದಿನ ಚಕ್ರಗಳಿಂದ. ಅಷ್ಟು ಭಾರ ಅಲ್ಲಿ ಕಡಿಮೆಯಾಗಿದೆ. ಆದ್ದರಿಂದ ನೀರು, ಬ್ಯಾಟರಿಗಳನ್ನು ಎರಡು ಆಕ್ಸಲ್‌ಗಳ ನಡುವೆ ಇಡಿ. ವೀಲ್‌ಬೇಸ್ ಹಾಗೇ ಉಳಿದು ಹಿಂಭಾಗದ ಚಾಚು (ಹಿಂದಿನ ಆಕ್ಸಲ್‌ನ ಆಚೆಗಿನ ಭಾಗ) ಮಾತ್ರ ಉದ್ದವಾದ ಮಾದರಿಗಳಲ್ಲಿ ಈ ತೊಂದರೆ ಹೆಚ್ಚು. ಒಳಗೆ ಜಾಗ ಸಿಕ್ಕಿತೆಂದು ಹಿಗ್ಗಬೇಡಿ.

ಎಳೆತ ಯಾವ ಚಕ್ರಕ್ಕೆ ಎಂಬ ಪ್ರಶ್ನೆಯೂ ಇದಕ್ಕೇ ಅಂಟಿದೆ. ಫಿಯಟ್ ಡುಕಾಟೊದಂಥ ಮುಂಚಕ್ರ ಎಳೆತದ ವ್ಯಾನ್‌ನಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ನೆಲ ತಗ್ಗಿನಲ್ಲಿರುತ್ತದೆ, ಹತ್ತಿಳಿಯುವುದು ಸುಲಭ. ಆದರೆ ಹಿಂದೆ ಭಾರ ತುಂಬಿ ಒದ್ದೆ ಹುಲ್ಲಿನ ಏರು ಹತ್ತಿಸಿದರೆ ಮುಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಹಿಂಚಕ್ರ ಎಳೆತದ್ದರಲ್ಲಿ ಭಾರವೇ ಹಿಡಿತ ಕೊಡುತ್ತದೆ. ಬದಲಿಗೆ ನೆಲ ಎತ್ತರ. ಡುಕಾಟೊ ಒಳಗೆ ಸುಮಾರು 1.87 ಮೀಟರ್ ಅಗಲ ಇರುವುದರಿಂದ ಸಾಧಾರಣ ಎತ್ತರದವರು ಅಡ್ಡಡ್ಡ ಮಲಗಬಹುದು. ಮರ್ಸಿಡಿಸ್ ಸ್ಪ್ರಿಂಟರ್ ಮತ್ತು ಫೋರ್ಡ್ ಟ್ರಾನ್ಸಿಟ್ ಸುಮಾರು 1.78 ಮಾತ್ರ, ಇನ್ಸುಲೇಷನ್ ಹಾಕಿದ ಮೇಲೆ ಹಾಸಿಗೆ ಉದ್ದುದ್ದ ಹೋಗುತ್ತದೆ, ಅಂದರೆ ಇನ್ನೂ ಉದ್ದದ ಗಾಡಿ ಬೇಕು. ಎತ್ತರದಲ್ಲಿ ನೆಲ, ಚಾವಣಿ ಸೇರಿ 6ರಿಂದ 8 ಸೆಂಮೀ ಹೋಗುತ್ತದೆಂದು ಮೊದಲೇ ಕಳೆದುಬಿಡಿ.

ಹಳೆಯ ಗಾಡಿಯಾದರೆ ತುಕ್ಕು ನೋಡುವುದು ದೊಡ್ಡ ಕೆಲಸ. ಚಕ್ರದ ಕಮಾನು, ಬಾಗಿಲ ಕೆಳಪಟ್ಟಿ, ಜಾಕ್ ಕೊಡುವ ಜಾಗ, ವಿಂಡ್‌ಸ್ಕ್ರೀನ್ ಅಂಚು, ಜಾರುಬಾಗಿಲ ಹಳಿ: ಈ ಐದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಎನ್ನುತ್ತದೆ. ಅಡಿಭಾಗಕ್ಕೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಿಸಿ. ಕೊಳೆತ ವಿಂಡ್‌ಸ್ಕ್ರೀನ್ ಅಂಚಿನಿಂದ ಇಳಿಯುವ ನೀರು ನಿಮ್ಮ ಹೊಸ ಒಳಹೊದಿಕೆಯ ಹಿಂದೆ ಹೋಗುತ್ತದೆ. ಗೊತ್ತಾಗುವುದು ಬೂಸಲು ವಾಸನೆ ಬಂದಾಗಲೇ.

ಹೊಸ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್‌ನಿಂದ ವಿದ್ಯುತ್ ತಯಾರಿಸುವ ಭಾಗ) ತನ್ನ ವೋಲ್ಟೇಜನ್ನು ಬೇಕೆಂದೇ ಇಳಿಸುತ್ತದೆ. ಎರಡು ಬ್ಯಾಟರಿಗಳನ್ನು ಜೋಡಿಸುವ ಬರೀ ರಿಲೇ ಸ್ವಿಚ್ ಹಾಕಿದರೆ ದೀಪ, ಫ್ರಿಜ್ ನಡೆಸುವ ಮನೆಬಳಕೆಯ ಬ್ಯಾಟರಿ ಅರ್ಧಕ್ಕೇ ನಿಲ್ಲುತ್ತದೆ. ವೋಲ್ಟೇಜನ್ನು ಸರಿಪಡಿಸಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಆಡ್‌ಬ್ಲೂ (ಹೊಗೆ ಶುದ್ಧಿಗೆ ಬಳಸುವ ದ್ರವ) ಟ್ಯಾಂಕ್ ಎಲ್ಲಿದೆ ನೋಡಿ, ನೀವು ನೀರಿನ ಟ್ಯಾಂಕಿಗೆ ಅಂದುಕೊಂಡ ಜಾಗವನ್ನು ಅದು ಹಿಡಿದಿರಬಹುದು. ದಿನಾ ನಾಲ್ಕೈದು ಕಿಮೀ ಮಾತ್ರ ಓಡಿಸುವವರ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತದೆ, ಮಸಿ ಸುಡುವಷ್ಟು ಬಿಸಿಯೇ ಆಗುವುದಿಲ್ಲ.

ಹಿಂದಿನ ಸೀಟು ಬೇಕಿದ್ದರೆ ಕಾರ್ಖಾನೆಯಲ್ಲೇ ಎರಡನೇ ಸಾಲು ಬಂದ ವ್ಯಾನನ್ನೇ ಕೊಳ್ಳಿ. ಬೆಲ್ಟ್‌ನ ಆಧಾರ ಅಪಘಾತದ ಎಳೆತ ತಡೆಯಬೇಕು. ತಗಡಿನ ನೆಲಕ್ಕೆ ತೂತು ಕೊರೆದು ಬೋಲ್ಟ್ ಬಿಗಿದದ್ದು ಕಿತ್ತು ಬರುತ್ತದೆ.

ಕೊಳ್ಳುವ ಮುಂಚೆ ಸಾಧ್ಯವಾದರೆ ವೇಬ್ರಿಡ್ಜ್ ಮೇಲೆ ಹತ್ತಿಸಿ: ಮೊದಲು ಮುಂದಿನ ಚಕ್ರಗಳಷ್ಟೇ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರಗಳಷ್ಟೇ. ಟೈರಿನ ಬದಿಯ ಲೋಡ್ ಅಂಕಿಯನ್ನೂ ಬರೆದುಕೊಳ್ಳಿ. 112 ಎಂದರೆ ಒಂದು ಟೈರಿಗೆ 1,120 ಕೆಜಿ, ಜೋಡಿಗೆ 2,240. ಫಲಕದಲ್ಲಿರುವ ಹಿಂದಿನ ಆಕ್ಸಲ್ ಮಿತಿ ಅದಕ್ಕಿಂತ ಹೆಚ್ಚಿದ್ದರೆ ಯಾರೋ ತಪ್ಪು ಟೈರ್ ಹಾಕಿದ್ದಾರೆ.