ಪರದೆ ಬಂತು, ಪಾಠದ ವಿನ್ಯಾಸ ಹಿಂದೆ ಉಳಿಯಿತು

ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿ ಶಾಲೆಗಳು ಟಿ.ವಿ. ಕಂಡಿದ್ದು ಬೆಂಗಳೂರಿಗಿಂತ ಆರು ವರ್ಷ ಮೊದಲು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ (ಉಪಗ್ರಹದ ಮೂಲಕ ಟಿ.ವಿ. ಬೋಧನೆ) ಪ್ರಯೋಗದಲ್ಲಿ ಇಸ್ರೊ, ನಾಸಾದ ಎಟಿಎಸ್–6 ಉಪಗ್ರಹವನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿತು. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲು. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಅದನ್ನು ಹಂಚಿಕೊಂಡಿದ್ದರಿಂದ ಕನ್ನಡದ ಪಾಲಿಗೆ ಬಂದದ್ದು ದಿನಕ್ಕೆ 22.5 ನಿಮಿಷ.

ಆ ಹೊತ್ತಿನಲ್ಲಿ 5ರಿಂದ 12 ವರ್ಷದ ಮಕ್ಕಳು ಒಂದೇ ಪೆಟ್ಟಿಗೆಯ ಮುಂದೆ ಕೂರಬೇಕು. ಚಿಕ್ಕವರಿಗೆ ಹಿಡಿಸುವಂತೆ ಮಾಡಿದ್ದು ದೊಡ್ಡವರಿಗೆ ಸಪ್ಪೆ, ದೊಡ್ಡವರಿಗೆ ಮಾಡಿದ್ದು ಚಿಕ್ಕವರ ತಲೆಗೆ ಹತ್ತದು. ಪ್ರಸಾರವನ್ನು ನಡುವೆ ನಿಲ್ಲಿಸಿ ‘ಏನು ತಿಳಿಯಿತು?’ ಎಂದು ಕೇಳುವ ದಾರಿ ಮೇಷ್ಟ್ರಿಗಿರಲಿಲ್ಲ. ಯೋಜನೆ ರೂಪಿಸಿದವರಿಗೆ ಈ ತೊಡಕಿನ ಅರಿವಿತ್ತು. ಶಿಕ್ಷಕರಿಗೆ 12 ದಿನಗಳ ತರಬೇತಿಯನ್ನೂ ಇಟ್ಟರು: ಟಿ.ವಿ., ರೇಡಿಯೊ, ಮುದ್ರಿತ ಪಾಠ, ಕೈಯಾರೆ ಮಾಡುವ ಚಟುವಟಿಕೆ, ಕೊನೆಗೆ ಚರ್ಚೆ. ಸಂಶೋಧಕರು ಹಳ್ಳಿಗಳಲ್ಲೇ ತಂಗಿ, ನೋಡುಗರು ಏನು ಗ್ರಹಿಸುತ್ತಿದ್ದಾರೆಂದು ಬರೆದಿಟ್ಟರು. ಸೈಟ್‌ನ ನಿಜವಾದ ಬೆಲೆ ಇದ್ದದ್ದು ಇಲ್ಲಿ. ಮುಂದಿನ ಯೋಜನೆಗಳು ಮಾತ್ರ ಅದರಿಂದ ಎತ್ತಿಕೊಂಡಿದ್ದು ಹೆಚ್ಚಾಗಿ ಡಿಶ್ಶನ್ನೇ.

ಅದೇ 1975ರಲ್ಲಿ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಲ್ಲಿನ ಸೇನೆಗಾಗಿ ತರಬೇತಿ ರೂಪಿಸುವ ಕ್ರಮವೊಂದನ್ನು ಸಿದ್ಧಪಡಿಸಿತು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಅನುಷ್ಠಾನ, ನಿಯಂತ್ರಣ ಎಂಬ ಐದು ಹಂತಗಳು. ಕೊನೆಯದು ಮುಂದೆ ‘ಮೌಲ್ಯಮಾಪನ’ವಾಯಿತು, ಇಂಗ್ಲಿಷ್ ಮೊದಲಕ್ಷರಗಳು ಕೂಡಿ ‘ಆ್ಯಡಿ’ ಎಂಬ ಹೆಸರು ಬಿತ್ತು. ಪಾಠವನ್ನು ಹೇಗೆ ಕಟ್ಟಬೇಕೆಂದು ಹೇಳುವ ‘ಬೋಧನಾ ವಿನ್ಯಾಸ’ದ ಮೊದಲ ಪಾಠ ಇಂದಿಗೂ ಇದೇ. ಇದರಲ್ಲಿ ಯಂತ್ರದ ಆಯ್ಕೆ ಎರಡನೇ ಹಂತಕ್ಕೆ ಬರುತ್ತದೆ, ಅದೂ ಗುರಿ ಬರೆದು ಮುಗಿದ ಮೇಲೆ. ನಮ್ಮಲ್ಲಿ ಮೊದಲು ಟೆಂಡರ್ ಆಗುತ್ತದೆ, ಪಾಠದ ಯೋಚನೆ ಆಮೇಲೆ.

ಗುರಿ ಬರೆಯುವುದು ಹೇಗೆಂದು 1962ರಲ್ಲೇ ಅಮೆರಿಕದ ಬೋಧನಾ ವಿನ್ಯಾಸ ತಜ್ಞ ರಾಬರ್ಟ್ ಮೇಗರ್ ತೋರಿಸಿಕೊಟ್ಟಿದ್ದರು: ಮಗು ಏನು ಮಾಡಬೇಕು, ಯಾವ ಸನ್ನಿವೇಶದಲ್ಲಿ, ಎಷ್ಟರಮಟ್ಟಿಗೆ ಸರಿಯಾಗಿ. ‘ಮಕ್ಕಳು ಭಿನ್ನರಾಶಿಯನ್ನು ಅರ್ಥ ಮಾಡಿಕೊಳ್ಳುತ್ತಾರೆ’ ಎಂದು ಬರೆದರೆ ಅದನ್ನು ಅಳೆಯಲು ಬರುವುದಿಲ್ಲ. ‘ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಟ್ಟಾಗ, ಮಡಚಿ ನೋಡಿ, 1/3 ಮತ್ತು 1/4ರಂಥ ಐದು ಜೋಡಿಗಳಲ್ಲಿ ನಾಲ್ಕರಲ್ಲಾದರೂ ದೊಡ್ಡದನ್ನು ಸರಿಯಾಗಿ ಗುರುತಿಸುತ್ತಾರೆ’ ಎಂದು ಬರೆದ ತಕ್ಷಣ ಪಾಠ ಕಣ್ಣಿಗೆ ಕಟ್ಟುತ್ತದೆ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/4 ದೊಡ್ಡದು ಎನ್ನುವುದು ಮಕ್ಕಳ ಸಾಮಾನ್ಯ ತಪ್ಪು. ಆ ತಪ್ಪನ್ನು ಹೊರಗೆಳೆಯದ ಹತ್ತು ನಿಮಿಷದ ಅನಿಮೇಶನ್, ಬಣ್ಣ ಎಷ್ಟೇ ಚೆನ್ನಾಗಿರಲಿ, ವ್ಯರ್ಥ. ಈ ಗುರಿಗೆ ವಿಡಿಯೊಗಿಂತ ಕಾಗದದ ಪಟ್ಟಿಯೇ ಸಾಕು ಎಂಬುದೂ ಆಗ ಹೊಳೆಯುತ್ತದೆ.

ಯಂತ್ರವಿಲ್ಲದೆಯೂ ಒಳ್ಳೆಯ ವಿನ್ಯಾಸ ಸಾಧ್ಯವೆಂಬುದಕ್ಕೆ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ–ಕಲಿ ಸಾಕ್ಷಿ. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿ, ಪ್ರತಿ ಮೆಟ್ಟಿಲಿಗೂ ಕಾರ್ಡ್ ಕೊಟ್ಟರು. ಶಿಕ್ಷಕರ ನೆರವು ಎಷ್ಟು ಬೇಕೆಂಬುದರ ಮೇಲೆ ಮಕ್ಕಳು ಐದು ‘ತಟ್ಟೆ’ಗಳಲ್ಲಿ ಕೂರುತ್ತಾರೆ. ಸೈಟ್ ಎದುರಿಸಿದ ಮಿಶ್ರ ವಯಸ್ಸಿನ ಕಷ್ಟಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಏಕೆಂದರೆ ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತಬಹುದು, ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಆರಂಭಿಕ ಪ್ರಯೋಗಗಳಲ್ಲಿ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳೂ ಸೇರಿದ್ದವು. ಪ್ರಸಾರವೆಂದರೆ ಗಡಿಯಾರಕ್ಕೆ ಕಟ್ಟಿದ ಪಾಠ. ಕರೆಂಟು ಹೋದರೆ ಅಂದಿನ ಪಾಠ ಹೋಯಿತು. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಬೇರೆ ವಿಷಯವಿದ್ದರೆ ಪರದೆಯಲ್ಲಿ ಗಣಿತ, ಪುಸ್ತಕದಲ್ಲಿ ಪರಿಸರ.

2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸಿದ ವಿದ್ಯಾಗಮ ಯೋಜನೆ ಒಂದು ವಿಷಯದಲ್ಲಿ ಇವೆಲ್ಲಕ್ಕಿಂತ ಮುಂದಿತ್ತು. ಫೋನೇ ಇಲ್ಲದ ಮಕ್ಕಳು, ಇಂಟರ್ನೆಟ್ ಇಲ್ಲದ ಫೋನಿರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಮೊದಲು ಮೂರು ಗುಂಪು ಮಾಡಿಕೊಂಡೇ ಕೆಲಸಕ್ಕಿಳಿದರು. ವಿಶ್ಲೇಷಣೆ ಎಂದರೆ ಇದೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತಾದರೂ ಆ ವಿಂಗಡಣೆಯ ಕ್ರಮವನ್ನು ಉಳಿಸಿಕೊಳ್ಳಬೇಕಿತ್ತು.

ಈಗ ಸ್ಮಾರ್ಟ್ ಬೋರ್ಡ್‌ನಲ್ಲಿ ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಸೈಟ್ ಕಾಲದ ದೊಡ್ಡ ಕೊರತೆ ನೀಗಿದೆ. ಹಾಗಿದ್ದೂ ಇಂದಿಗೂ ಹೆಚ್ಚಾಗಿ ತಪ್ಪಿಹೋಗುವುದು ತಯಾರಿಯ ಹಂತದಲ್ಲೇ ಪಾಠವನ್ನು ಮಕ್ಕಳ ಮುಂದಿಟ್ಟು ಪರೀಕ್ಷಿಸುವ ಕೆಲಸ. ಬೋಧನಾ ವಿನ್ಯಾಸ ತಜ್ಞರಾದ ಡಿಕ್ ಮತ್ತು ಕ್ಯಾರಿ 1978ರಲ್ಲಿ ಮಂಡಿಸಿದ ಮಾದರಿಯಲ್ಲಿ ಅದಕ್ಕೆ ಮೂರು ಸುತ್ತಿವೆ. ಮೊದಲು ಚುರುಕು, ಸಾಧಾರಣ, ಹಿಂದುಳಿದ ಹೀಗೆ ಮೂರ್ನಾಲ್ಕು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಪಾಠ ತೋರಿಸುವುದು. ಆಮೇಲೆ 8ರಿಂದ 20 ಮಕ್ಕಳ ಗುಂಪು. ಕೊನೆಗೆ ನಿಜವಾದ ತರಗತಿ. ಗೊತ್ತಿಲ್ಲದ ಪದ, ಎಡವಟ್ಟಾದ ಚಿತ್ರ ಸಿಕ್ಕಿಬೀಳುವುದು ಮೊದಲ ಸುತ್ತಿನಲ್ಲೇ. ಅದಕ್ಕೆ ಸಿದ್ಧ ವಿಡಿಯೊ ಬೇಕಿಲ್ಲ. ಪೆನ್ಸಿಲಿನಲ್ಲಿ ಬಿಡಿಸಿದ ದೃಶ್ಯಗಳ ಹಾಳೆಗಳನ್ನು ಒಂದೊಂದಾಗಿ ತೋರಿಸಿ, ಮಾತನ್ನು ಓದಿ ಹೇಳಿದರೆ ಸಾಕು. ತಪ್ಪು ಕಂಡರೆ ಆ ಒಂದು ಹಾಳೆ ಬದಲಿಸಿದರಾಯಿತು. ಚಿತ್ರೀಕರಣ ಮುಗಿದ ಮೇಲೆ ಕಂಡ ತಪ್ಪು ಸಾಮಾನ್ಯವಾಗಿ ಹಾಗೆಯೇ ಶಾಲೆಗೆ ಹೋಗುತ್ತದೆ.