ಹಾರ್ಮೋನಿಯಂ ಕೈಗೆ ಡಿಜಿಟಲ್ ಪಿಯಾನೊ

ಕಾರವಾರದಂಥ ಊರಲ್ಲಿ ನಿಜವಾದ ಪಿಯಾನೊ ಸಾಕುವುದು ಸುಲಭವಲ್ಲ. ಅದರೊಳಗೆ ಸುಮಾರು 230 ತಂತಿಗಳಿರುತ್ತವೆ. ಅವುಗಳ ಕಂಪನವನ್ನು ದೊಡ್ಡದು ಮಾಡಿ ಕೇಳಿಸುವುದು ಒಂದು ತೆಳು ಮರದ ಹಲಗೆ. ಜೂನ್ ಮಳೆ ಹಿಡಿಯಿತೋ, ಹಲಗೆ ತೇವ ಕುಡಿದು ಉಬ್ಬುತ್ತದೆ, ಶ್ರುತಿ ಏರುತ್ತದೆ. ಮಳೆ ಹೋಗಿ ಮರ ಒಣಗಿದರೆ ಇಳಿಯುತ್ತದೆ. ಹಾಗಾಗಿ ನಮ್ಮ ಕಡೆ ಪಿಯಾನೊ ಅಂದರೆ ಬಹುಪಾಲು ಡಿಜಿಟಲ್ ಪಿಯಾನೊ. ಇಲ್ಲವೇ ಕೀಬೋರ್ಡಿಗೆ ಸಿಕ್ಕಿಸಿದ ಸೌಂಡ್ ಮಾಡ್ಯೂಲ್.

ಎರಡರಲ್ಲಿ ಯಾವುದರ ದನಿ ಚೆಂದ ಎಂದು ಕೇಳಿದರೆ ಅಂಗಡಿಯವರು ಬೆಲೆ ಜಾಸ್ತಿ ಇರುವುದನ್ನು ತೋರಿಸುತ್ತಾರೆ. ನುಡಿಸುವ ಕೈ ಎಲ್ಲಿ ಪಳಗಿದೆ ಎಂದು ಮೊದಲು ಕೇಳಬೇಕು ಅನ್ನುತ್ತೇನೆ ನಾನು. ಶಿರಸಿಯಿಂದ ಕಾರವಾರದವರೆಗೆ ಭಜನೆ, ಸುಗಮ ಸಂಗೀತ, ನಾಟಕದ ಹಾಡು ಎಂದು ಬೆಳೆದವರ ಕೈ ಹೆಚ್ಚಾಗಿ ಪಳಗಿರುವುದು ಹಾರ್ಮೋನಿಯಂ ಮೇಲೆ. ಇದು ಈ ಹೋಲಿಕೆಯನ್ನೇ ಬದಲಿಸಿಬಿಡುತ್ತದೆ.

ಮಾಡ್ಯೂಲ್ ಎಂಬುದು ಕೀಗಳೇ ಇಲ್ಲದ ಪೆಟ್ಟಿಗೆ. ಒಳಗೆ ವಾದ್ಯಗಳ ದನಿ ಮಾತ್ರ ಇರುತ್ತದೆ. ಕೀಬೋರ್ಡು ಅದರ ಜೊತೆ ಮಾತಾಡುವುದು ಮಿಡಿ ಎಂಬ ಪದ್ಧತಿಯಲ್ಲಿ. 1983ರಲ್ಲಿ ಬೇರೆ ಬೇರೆ ಕಂಪನಿಗಳು ಸೇರಿ ಒಪ್ಪಿಕೊಂಡದ್ದು ಇದು. ನೀವು ನಡು ಸಪ್ತಕದ ಕಪ್ಪು ಎರಡನ್ನು, ಅಂದರೆ ಅಲ್ಲಿನ ಎರಡನೇ ಕಪ್ಪು ಕೀಯನ್ನು, ಒತ್ತಿದಿರಿ ಅನ್ನಿ. ಕೇಬಲಿನಲ್ಲಿ ಸಂಗೀತವೇನೂ ಹರಿಯುವುದಿಲ್ಲ. ಯಾವ ಚಾನೆಲ್, ಯಾವ ಕೀ, ಎಷ್ಟು ರಭಸ ಎಂಬ ಸುದ್ದಿ ಮಾತ್ರ ಹೋಗುತ್ತದೆ. ಕಪ್ಪು ಎರಡಾದರೆ ಕೀ ನಂಬರ್ 63. ರಭಸ 1ರಿಂದ 127ರ ಒಳಗಿನ ಒಂದು ಅಂಕಿ. ಈ ಸುದ್ದಿ ತಲುಪಲು ಹಿಡಿಯುವುದು ಸುಮಾರು ಒಂದು ಮಿಲಿಸೆಕೆಂಡ್. ಹತ್ತೂ ಬೆರಳು ಒಟ್ಟಿಗೆ ಒತ್ತಿದರೂ ಹತ್ತು ಮಿಲಿಸೆಕೆಂಡಿನೊಳಗೆ ಮುಗಿಯಿತು. ಸ್ಪೀಕರನ್ನು ಮೂರು ಮೀಟರ್ ಹಿಂದಕ್ಕೆ ಸರಿಸಿದರೂ ದನಿ ಹೆಚ್ಚುಕಡಿಮೆ ಅಷ್ಟೇ ತಡವಾಗುತ್ತದೆ. ಅಂದರೆ ಮಿಡಿಯಿಂದ ದನಿ ಕೆಡುತ್ತದೆ ಎಂಬ ಮಾತಿಗೆ ಅರ್ಥವಿಲ್ಲ.

ಡಿಜಿಟಲ್ ಪಿಯಾನೊದ ಒಳಗೂ ನಡೆಯುವುದು ಇದೇ. ಕೀಗಳು ಮತ್ತು ಮಾಡ್ಯೂಲ್ ಒಂದೇ ಪೆಟ್ಟಿಗೆಯಲ್ಲಿ ಕೂತಿವೆ, ಅಷ್ಟೇ.

ಹಾಗಾದರೆ ವ್ಯತ್ಯಾಸ ಬರುವುದೆಲ್ಲಿಂದ? ಮೊದಲನೆಯದು ಮೆಮೊರಿ. ಸಿಡಿ ಗುಣಮಟ್ಟದ ಸ್ಟೀರಿಯೊ ರೆಕಾರ್ಡಿಂಗು ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ. ಪಿಯಾನೊಗೆ 88 ಕೀ. ಒಂದೊಂದನ್ನೂ 20 ಸೆಕೆಂಡ್ ರೆಕಾರ್ಡ್ ಮಾಡಿ. ಒಂದೇ ಸಲ ಸಾಲದು. ಪಿಯಾನೊ ಸುತ್ತಿಗೆಯ ತಲೆಗೆ ಉಣ್ಣೆಯ ದಪ್ಪ ಫೆಲ್ಟ್ ಇರುತ್ತದೆ. ಜೋರಾಗಿ ಹೊಡೆದಾಗ ಅದು ಅಮುಕಿ ಗಟ್ಟಿಯಾಗುತ್ತದೆ. ಆಗ ದನಿ ದೊಡ್ಡದಾಗುವುದಷ್ಟೇ ಅಲ್ಲ, ಅದರ ಬಣ್ಣವೇ ಬದಲಾಗಿ ಚುರುಕಾಗುತ್ತದೆ. ಆದ್ದರಿಂದ ಮೆಲ್ಲಗೆ, ಸಾಧಾರಣ, ಜೋರು, ಬಲು ಜೋರು ಎಂದು ನಾಲ್ಕು ಪದರವಾದರೂ ಬೇಕು. ಗುಣಿಸಿದರೆ 1.2 ಗಿಗಾಬೈಟ್ ದಾಟುತ್ತದೆ. ಮೇಲಿನ ಸ್ವರಗಳು ಬೇಗ ಆರುವುದರಿಂದ ಸ್ವಲ್ಪ ಉಳಿಸಬಹುದು, ನಿಜ. ಆದರೂ 1991ರಲ್ಲಿ ಬಂದ ರೋಲ್ಯಾಂಡ್ ಸೌಂಡ್ ಕ್ಯಾನ್ವಾಸ್ ಎಸ್‌ಸಿ-55 ಮಾಡ್ಯೂಲನ್ನು ನೋಡಿ. ಸಿತಾರ್, ಶಹನಾಯಿ, ಡ್ರಮ್ಸ್ ಎಲ್ಲ ಸೇರಿ ಅದರಲ್ಲಿದ್ದ ಜಾಗ ಕೆಲವೇ ಮೆಗಾಬೈಟ್!

ಅಷ್ಟರಲ್ಲಿ ಪಿಯಾನೊವನ್ನು ತುರುಕಲು ಉಪಾಯ ಮಾಡಿದ್ದರು. ಒಂದು ಸ್ವರದ ರೆಕಾರ್ಡಿಂಗನ್ನೇ ಹಿಗ್ಗಿಸಿ ಕುಗ್ಗಿಸಿ ಅಕ್ಕಪಕ್ಕದ ಕೀಗಳಿಗೂ ಹಂಚುವುದು ಒಂದು. ಪೆಟ್ಟಿನ ಶುರುವನ್ನಷ್ಟೇ ಪೂರ್ತಿ ಇಟ್ಟು, ಆಮೇಲೆ ಒಂದು ಚಿಕ್ಕ ತುಣುಕನ್ನು ಸುತ್ತಿಸುತ್ತಾ ನಿಧಾನಕ್ಕೆ ಸಣ್ಣ ಮಾಡುವುದು ಇನ್ನೊಂದು. ನಿಜವಾದ ಪಿಯಾನೊದಲ್ಲಿ ಹೆಚ್ಚಿನ ಕೀಗಳಿಗೆ ಮೂರು ಮೂರು ತಂತಿ. ಅವು ಕೂದಲೆಳೆಯಷ್ಟು ಶ್ರುತಿ ಬೇರೆಯಾಗಿರುತ್ತವೆ. ಹಾಗಾಗಿ ದನಿ ಮೊದಲು ಬೇಗ ಇಳಿದು, ಆಮೇಲೆ ಬಹಳ ಹೊತ್ತು ಎಳೆದಾಡುತ್ತದೆ. ಸುತ್ತಿಸಿದ ತುಣುಕಿನಲ್ಲಿ ಈ ಜೀವ ಇರುವುದಿಲ್ಲ. ಜೊತೆಗೆ ಎಸ್‌ಸಿ-55ರಲ್ಲಿ ಒಮ್ಮೆಗೆ ಮೊಳಗುವುದು 24 ದನಿ ಮಾತ್ರ. ಕೀ ಬಿಟ್ಟರೂ ಸ್ವರ ಎಳೆಯುವಂತೆ ಮಾಡುವ ಪೆಡಲ್ ತುಳಿದು ನುಡಿಸುತ್ತಾ ಹೋದರೆ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿಹೋಗುತ್ತವೆ.

ಈಗ ಮೆಮೊರಿ ಅಗ್ಗ. ಒಳ್ಳೆಯ ಡಿಜಿಟಲ್ ಪಿಯಾನೊಗಳಲ್ಲಿ ಪದರಗಳೂ ಇವೆ, ಒಂದು ತಂತಿ ಮೊಳಗಿದಾಗ ಮಿಕ್ಕ ತಂತಿಗಳು ಗುಂಯ್‌ಗುಡುವುದನ್ನೂ ಲೆಕ್ಕ ಹಾಕಿ ಸೇರಿಸುತ್ತಾರೆ. ರೆಕಾರ್ಡಿಂಗೇ ಬೇಡ, ತಂತಿ, ಸುತ್ತಿಗೆ, ಹಲಗೆಗಳ ಗಣಿತದಿಂದಲೇ ದನಿ ಹುಟ್ಟಿಸೋಣ ಎಂದವರೂ ಇದ್ದಾರೆ. ಫ್ರಾನ್ಸಿನ ಮೊಡಾರ್ಟ್ ಕಂಪನಿ 2006ರಲ್ಲಿ ಬಿಟ್ಟ ಪಿಯಾನೊಟೆಕ್ ಸಾಫ್ಟ್‌ವೇರ್ ಹೀಗೆಯೇ ಕೆಲಸ ಮಾಡುತ್ತದೆ. ಅದು ಇದ್ದರೆ ಲ್ಯಾಪ್‌ಟಾಪೇ ಮಾಡ್ಯೂಲ್.

ಇನ್ನು ಹಾರ್ಮೋನಿಯಂ ಕೈಗೆ ಬರೋಣ. ಹಾರ್ಮೋನಿಯಂ ಕೀಯನ್ನು ಮೆಲ್ಲಗೆ ಮುಟ್ಟಿ, ಗುದ್ದಿ, ದನಿ ಒಂದೇ. ಜೋರು ಮೆಲು ಎಲ್ಲ ಗಾಳಿ ಹಾಕುವ ಕೈಯದು. ಸ್ವರ ಎಳೆಯುವ ಪೆಡಲ್ ಇಲ್ಲ, ಸ್ವರದಿಂದ ಸ್ವರಕ್ಕೆ ಬೆರಳೇ ಅಂಟಿಕೊಂಡು ಸಾಗಬೇಕು. ವರ್ಷಗಟ್ಟಲೆ ಹಾಗೆ ನುಡಿಸಿದ ಬೆರಳು ಡಿಜಿಟಲ್ ಪಿಯಾನೊ ಮೇಲೂ ಒಂದೇ ಸಮ ಬೀಳುತ್ತದೆ. 127 ಮೆಟ್ಟಿಲಿನ ರಭಸದಲ್ಲಿ ನಡುವಿನ ಕೆಲವೇ ಮೆಟ್ಟಿಲು ಬಳಕೆಯಾಗುತ್ತವೆ. ಮಿಕ್ಕ ಪದರಗಳು ಸುಮ್ನೆ ಮಲಗಿರುತ್ತವೆ. ದುಬಾರಿ ವಾದ್ಯ ತಂದು "ಹಳೇ ಕೀಬೋರ್ಡಿಗಿಂತ ಅಂಥಾ ವಿಶೇಷವೇನೂ ಕಾಣಲಿಲ್ಲ" ಎನ್ನುವವರ ಕಿವಿಯಲ್ಲಿ ದೋಷವಿಲ್ಲ. ಅವರು ಕೇಳಿದ್ದು ಒಂದೇ ಪದರ.

ಮಾಡ್ಯೂಲಿನಲ್ಲಿ ಇದರ ಇನ್ನೊಂದು ಮುಖ ಇದೆ. ಡಿಜಿಟಲ್ ಪಿಯಾನೊ ಮಾಡಿದವರು ತಮ್ಮ ಕೀಗಳ ತೂಕಕ್ಕೆ ಸರಿಯಾಗಿ ದನಿಯನ್ನು ಹೊಂದಿಸಿರುತ್ತಾರೆ. ಮಾಡ್ಯೂಲಿಗೆ ನಿಮ್ಮ ಕೀಬೋರ್ಡ್ ಯಾವುದೆಂದೇ ಗೊತ್ತಿಲ್ಲ. ಅದೇ ಒತ್ತು ಒಂದು ಕೀಬೋರ್ಡಿನಿಂದ 60 ಎಂದು ಹೋದರೆ ಇನ್ನೊಂದರಿಂದ 90 ಎಂದು ಹೋಗಬಹುದು. ಮೊದಲನೆಯದರಲ್ಲಿ ದನಿ ಮಂಕು, ಎರಡನೆಯದರಲ್ಲಿ ಕರ್ಕಶ. ಬೈಗುಳ ಮಾತ್ರ ಮಾಡ್ಯೂಲಿಗೆ. ಸೆಟ್ಟಿಂಗಿನಲ್ಲಿ ವೆಲಾಸಿಟಿ ಕರ್ವ್ ಅಂತ ಇರುತ್ತದೆ, ಎಷ್ಟು ಒತ್ತಿದರೆ ಎಷ್ಟು ರಭಸ ಎಂದು ಹೊಂದಿಸುವುದು ಅದು. ಅದನ್ನು ಕೈಗೆ ತಕ್ಕಂತೆ ತಿದ್ದಿದರೆ ಎಷ್ಟೋ ಸಲ ಬೇರೆ ವಾದ್ಯವೇ ಬೇಡವಾಗುತ್ತದೆ.

ಚಪ್ಪರದ ಕಾರ್ಯಕ್ರಮಗಳಲ್ಲಿ ಇನ್ನೂ ಒಂದು ಸಂಗತಿ. ನಮ್ಮ ಕಡೆ ಮೈಕ್ ಸೆಟ್ಟಿನವರು ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿಬಿಡುತ್ತಾರೆ. ಎರಡು ಮೈಕಿನಿಂದ ರೆಕಾರ್ಡ್ ಮಾಡಿದ ಶ್ರೀಮಂತ ಸ್ಟೀರಿಯೊ ಪಿಯಾನೊ ಹಾಗೆ ಕೂಡಿದಾಗ ಕೆಲವು ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಮನೆಯಲ್ಲಿ ಮೈತುಂಬಿದ್ದ ದನಿ ಅಲ್ಲಿ ಸೊರಗುತ್ತದೆ. ಹಳೆಯ ಮಾಡ್ಯೂಲಿನ ತೆಳುವಾದ, ಚೂಪಾದ ಪಿಯಾನೊ ತಬಲಾ ಮತ್ತು ಹಾಡುಗಾರರ ನಡುವೆಯೂ ಸ್ಪಷ್ಟವಾಗಿ ಕೇಳುತ್ತದೆ. ಭಜನೆ ತಂಡಕ್ಕೆ ಸೆಕೆಂಡ್‌ಹ್ಯಾಂಡ್ ಮಾಡ್ಯೂಲ್ ಸಾಕು ಎಂದು ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ಪಿಯಾನೊವನ್ನೇ ಕಲಿಯಬೇಕೆಂಬ ಮಗುವಿಗೆ ಮಾತ್ರ ತೂಕದ ಕೀಗಳ ಡಿಜಿಟಲ್ ಪಿಯಾನೊವೇ ಬೇಕು. ಬೆರಳಿಗೆ ರಭಸ ಕಲಿಸುವುದು ಆ ಕೀಗಳೇ.

ಹೋಲಿಸುವಾಗ ಎರಡನ್ನೂ ಒಂದೇ ಹೆಡ್‌ಫೋನಿನಲ್ಲಿ, ಒಂದೇ ವಾಲ್ಯೂಮಿನಲ್ಲಿ ಕೇಳಿ. ದನಿ ಸಣ್ಣದಾದಷ್ಟೂ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ಕಳೆದುಹೋಗುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ತುಸು ಜೋರಾಗಿರುವುದೇ ಚೆಂದ ಅನ್ನಿಸಿಬಿಡುತ್ತದೆ, ಅಲ್ವಾ? ಒಂದೇ ಕೀಯನ್ನು ಮೆಲ್ಲಗಿನಿಂದ ಜೋರಿಗೆ ಒತ್ತುತ್ತಾ ಹೋಗಿ. ಬಣ್ಣ ಜಿಗಿದಂತೆ ಬದಲಾದರೆ ಪದರ ಕಡಿಮೆ. ಕೀಗಳನ್ನು ಸಾಲಾಗಿ ಒತ್ತುತ್ತಾ ಹೋದಾಗ ಎಲ್ಲಾದರೂ ದನಿಯ ಗುಣ ತಟ್ಟನೆ ಬೇರೆಯಾದರೆ ಅಲ್ಲಿ ಹಿಗ್ಗಿಸಿದ ರೆಕಾರ್ಡಿಂಗ್ ಮುಗಿದಿದೆ. ಕೊನೆಗೆ ನಡು ಸಪ್ತಕದ ಬಿಳಿ ಒಂದನ್ನು, ಅಂದರೆ ಮೊದಲ ಬಿಳಿ ಕೀಯನ್ನು, ಸದ್ದಾಗದಂತೆ ಅದುಮಿ ಹಿಡಿದು, ಕೆಳ ಸಪ್ತಕದ ಮೊದಲ ಬಿಳಿ ಕೀಯನ್ನು ಪಟ್ಟನೆ ಹೊಡೆದು ಬೆರಳು ತೆಗೆಯಿರಿ. ನಿಜವಾದ ಪಿಯಾನೊದಲ್ಲಿ ಮೇಲಿನ ತಂತಿ ತಾನಾಗಿ ಮೊಳಗುತ್ತದೆ. ಎಸ್‌ಸಿ-55ರ ಕಾಲದ ಮಾಡ್ಯೂಲುಗಳಲ್ಲಿ ಏನೂ ಕೇಳಿಸದು.

ಕರಾವಳಿಯವರು ಕೀಗಳ ಕೆಳಗೂ ಒಮ್ಮೆ ಯೋಚಿಸಬೇಕು. ಬಹಳಷ್ಟು ವಾದ್ಯಗಳಲ್ಲಿ ರಬ್ಬರಿನ ಎರಡು ಕಾಂಟ್ಯಾಕ್ಟ್ ಒಂದಾದ ಮೇಲೊಂದು ತಾಗುತ್ತವೆ. ನಡುವಿನ ಸಮಯವೇ ರಭಸದ ಲೆಕ್ಕ. ತೇವ, ಉಪ್ಪುಗಾಳಿ, ಧೂಳು ಸೇರಿ ಅಲ್ಲಿ ಕೊಳೆ ಕೂತರೆ ಲೆಕ್ಕ ತಪ್ಪಿ ಯಾವುದೋ ಒಂದು ಸ್ವರ ದಿಢೀರನೆ ಕಿರುಚುತ್ತದೆ, ಇಲ್ಲವೇ ಬಾಯಿಯನ್ನೇ ಬಿಡುವುದಿಲ್ಲ. ಮಾಡ್ಯೂಲ್ ಇದ್ದವರು ಕೀಬೋರ್ಡನ್ನಷ್ಟೇ ಬದಲಿಸುತ್ತಾರೆ. ಡಿಜಿಟಲ್ ಪಿಯಾನೊ ಇದ್ದವರೂ ಅದನ್ನು ಗುಜರಿಗೆ ಹಾಕಬೇಕಿಲ್ಲ. ಅದರ ಹಿಂಬದಿಯಲ್ಲಿ ಮಿಡಿ ಕಿಂಡಿ ಇದ್ದು, ಅದಕ್ಕೆ ಬೇರೊಂದು ಕೀಬೋರ್ಡಿನಿಂದ ಸುದ್ದಿ ಕಳಿಸಿದರೆ, ಕೀ ಸತ್ತ ಪಿಯಾನೊ ಮಾಡ್ಯೂಲಾಗಿ ಕೆಲಸಕ್ಕೆ ಬರುತ್ತದೆ.